ಇನ್ನೂರು ಗಂಟೆಗಳ ಆಚೆಗೆ

ಬಳ್ಳಾರಿಯೆಂದೊಡನೆ ಬಿಸಿಲು, ಬೆಟ್ಟದ ಮೇಲಿನ ಕೋಟೆ, ಕೆಂಪು ಅದಿರಿನ ಧೂಳು, ಇವಿಷ್ಟೇ ವಾಚಕರ ಮನಸ್ಸಿಗೆ ಬರುವುದು ಸಹಜ. ಆದರೆ ಈ ಊರಿಗೆ ಇನ್ನೊಂದು ಹಿರಿಮೆಯೂ ಉಂಟು. ಊರಿನವರೇ ಅದನ್ನು ಹೆಚ್ಚಾಗಿ ನೆನೆಯುವುದಿಲ್ಲ. ೧೯೩೨ರ ಅಕ್ಟೋಬರ್ ೧೫ರಂದು ಜೆ. ಆರ್. ಡಿ. ಟಾಟಾ ಅವರು ಅಂಚೆಯ ಚೀಲಗಳನ್ನು ಹೇರಿಕೊಂಡ ‘ಪುಸ್ ಮಾತ್’ ಎಂಬ ಪುಟ್ಟ ವಿಮಾನವನ್ನೇರಿ ಕರಾಚಿಯಿಂದ ಹೊರಟು, ಅಹಮದಾಬಾದಿನಲ್ಲಿ ಇಳಿದು, ಮುಂಬಯಿಯ ಜುಹೂ ಬಯಲನ್ನು ಸೇರಿದರು. ಅಲ್ಲಿಂದ ಮುಂದಕ್ಕೆ ಮದರಾಸಿನವರೆಗೆ ಅಂಚೆಯನ್ನು ಒಯ್ದವನು ನೆವಿಲ್ ವಿನ್ಸೆಂಟ್ ಎಂಬ ವೈಮಾನಿಕ. ಮುಂಬಯಿಗೂ ಮದರಾಸಿಗೂ ನಡುವೆ ಆ ಹಾದಿಯ ಇಳಿದಾಣವೆಂದರೆ ನಮ್ಮ ಬಳ್ಳಾರಿಯೇ. ಆಗ ಇದು ಮದರಾಸು ಪ್ರಾಂತಕ್ಕೆ ಸೇರಿದ ಜಿಲ್ಲೆ. ಮೈಸೂರು ರಾಜ್ಯಕ್ಕೆ ಬಂದದ್ದು ೧೯೫೩ರ ಅಕ್ಟೋಬರ್ ೧ರಂದು. ಭಾರತೀಯ ನಾಗರಿಕ ವಿಮಾನಯಾನದ ಆರಂಭವೆಂದು ಇಂದು ಎಲ್ಲರೂ ಕೊಂಡಾಡುವ ಆ ಯಾತ್ರೆಯಲ್ಲಿ ನಮ್ಮ ಊರಿನ ನೆಲಕ್ಕೂ ಒಂದು ಪಾಲಿದೆ ಎಂದರೆ ಅತಿಶಯೋಕ್ತಿಯಾಗಲಾರದು.

ಆ ವಿನ್ಸೆಂಟನ ಕಥೆಯೇ ಇಂದಿನ ನನ್ನ ಬರಹಕ್ಕೆ ಮೂಲ. ಈತ ಬ್ರಿಟಿಷ್ ವಾಯುಸೇನೆಯಿಂದ ಹೊರಬಂದವನು. ಮೊದಲ ಮಹಾಯುದ್ಧ ಮುಗಿದಮೇಲೆ ಇಂಗ್ಲೆಂಡಿನಲ್ಲಿ ವಿಮಾನ ನಡೆಸಬಲ್ಲವರು ಬಹುಮಂದಿ. ಅವರಿಗೆ ತಕ್ಕ ಕೆಲಸಗಳು ಮಾತ್ರ ಬಹು ಕಡಮೆ. ವಿನ್ಸೆಂಟ್ ಕೆಲಸ ತನ್ನನ್ನು ಹುಡುಕಿ ಬರಲೆಂದು ಕಾಯಲಿಲ್ಲ. ನ್ಯೂವಾಲ್ ಎಂಬ ಜೊತೆಗಾರನೊಡನೆ, ಯುದ್ಧಕಾಲದ ಎರಡು ಹಳೆಯ ‘ಡಿ.ಎಚ್.-೯’ ವಿಮಾನಗಳೊಂದಿಗೆ ೧೯೨೯ರ ಸುಮಾರಿಗೆ ಭಾರತಕ್ಕೆ ಬಂದ. ಊರೂರಿನ ಬಯಲಿನಲ್ಲಿ ಇಳಿದು, ಹಣ ಕೊಟ್ಟವರನ್ನು ಕೆಲವು ನಿಮಿಷ ಮೇಲೇರಿಸಿ ಊರನ್ನು ತೋರಿಸಿ ಇಳಿಸುವುದು ಇವರ ವೃತ್ತಿಯಾಯಿತು. ನಮ್ಮ ಕಡೆಯ ಜಾತ್ರೆಯಲ್ಲಿ ತೊಟ್ಟಿಲು ತಿರುಗಿಸುವವನ ಕಸುಬಿಗೂ ಇದಕ್ಕೂ ಹೆಚ್ಚು ಅಂತರವಿರಲಿಲ್ಲ. ಹೀಗೆ ತಿರುಗಾಡಿ ಈ ದೇಶದ ಗಾಳಿ, ಮಳೆ, ಬಯಲುಗಳನ್ನು ಅರಿತಮೇಲೆಯೇ ಆತ ಅಂಚೆಯ ವಿಮಾನದ ಯೋಜನೆಯನ್ನು ಟಾಟಾ ಅವರ ಮುಂದಿಟ್ಟದ್ದು. ಎರಡು ಲಕ್ಷ ರೂಪಾಯಿಯ ಬಂಡವಾಳದಿಂದ ಆರಂಭವಾದ ಆ ಸೇವೆ ಮೊದಲ ವರ್ಷದಲ್ಲಿ ೧,೬೦,೦೦೦ ಮೈಲಿ ಹಾರಿತು. ೧೫೫ ಪ್ರಯಾಣಿಕರನ್ನೂ ಹತ್ತು ಟನ್ನಿನಷ್ಟು ಅಂಚೆಯನ್ನೂ ಸಾಗಿಸಿತು.

ಈ ಕಥೆಯಿಂದ ನಾನು ತೆಗೆಯುವ ನೀತಿ ಇಷ್ಟೇ: ವೈಮಾನಿಕನಿಗೆ ಮೊದಲ ಕೆಲಸ ದೊರೆಯುವುದು ಸಾಮಾನ್ಯವಾಗಿ ದಾರಿ ಇರುವ ಕಡೆಯಲ್ಲಲ್ಲ, ದಾರಿ ಮುಗಿಯುವ ಕಡೆಯಲ್ಲಿ. ೧೯೩೨ರಲ್ಲಿ ದಾರಿ ಮುಗಿಯುತ್ತಿದ್ದುದು ಬಳ್ಳಾರಿಯಲ್ಲಿ. ಪರದೇಶದ ಯುವಕರು ಇಲ್ಲಿಗೆ ಬಂದರು. ಇಂದು ನಮ್ಮ ಹುಡುಗರು ಅಂತಹ ಊರುಗಳನ್ನು ಅರಸಿಕೊಂಡು ಪರದೇಶಕ್ಕೆ ಹೋಗಬೇಕಾಗಿದೆ. ಕಾಲಚಕ್ರ ಒಂದು ಸುತ್ತು ತಿರುಗಿದೆ.

ಇದನ್ನೆಲ್ಲ ನಾನು ಯೋಚಿಸುವಂತಾದದ್ದು ಒಬ್ಬ ರೈತರಿಂದ. ನಾನು ವೃತ್ತಿಯಿಂದ ಶಿಕ್ಷಕ; ವಾಸ ಸಂಗನಕಲ್ಲಿನಲ್ಲಿ. ಮೆಣಸಿನಕಾಯಿ, ಹತ್ತಿ ಬೆಳೆಯುವ ಆ ಹಿರಿಯರ ಮಗ ನನ್ನಲ್ಲಿ ಪ್ರೌಢಶಾಲೆಯಲ್ಲಿ ಓದಿದವನು. ಹುಡುಗ ವಿಮಾನ ನಡೆಸುವುದನ್ನು ಕಲಿಯಲು ಹೋದಾಗ ತಂದೆ ಊರಿನ ಮಗ್ಗುಲಿನ ಹೊಲವನ್ನು ಮಾರಿದರು. ಸಾಲದುದಕ್ಕೆ ಬ್ಯಾಂಕಿನಲ್ಲಿ ಸಾಲವೂ ಆಯಿತು. ಈಗಿನ ಕಾಲದಲ್ಲಿ ಈ ವಿದ್ಯೆಗೆ ಅರ್ಧ ಕೋಟಿ ರೂಪಾಯಿಯ ಆಸುಪಾಸು ಬೇಕು. ಪರವಾನಗಿ ಬಂದು ಎರಡು ವರ್ಷವಾದರೂ ನೌಕರಿ ಬರಲಿಲ್ಲ. ಆಗ ಒಬ್ಬ ಮಧ್ಯವರ್ತಿ, ಇನ್ನಿಷ್ಟು ಲಕ್ಷ ಕೊಟ್ಟರೆ ವಿದೇಶದಲ್ಲಿ ಕೆಲಸ ನಿಶ್ಚಯವೆಂದು ಆಸೆ ತೋರಿಸಿದ. ಒಂದು ಸಂಜೆ ತಂದೆ ನನ್ನ ಮನೆಯ ಕಟ್ಟೆಯ ಮೇಲೆ ಕುಳಿತು ಹೇಳಿದ ಮಾತು ಇದು:

“ಮಾಸ್ತರ, ನಮ್ಮ ಹುಡುಗ ವಿಮಾನ ಓಡ್ಸೋದು ಕಲ್ತಾನ, ಓಡ್ಸಾಕ ವಿಮಾನ ಮಾತ್ರ ಯಾರೂ ಕೊಡವಲ್ರು. ಇನ್ನ ನಾಕೆಕರೆ ಉಳದೈತಿ. ಅದನ್ನೂ ಮಾರ್ಲೇನು?”

“ಗೌಡ್ರೆ, ಎಂಟು ದಿನ ತಡೀರಿ. ಯಾರಿಗೂ ಮಾತು ಕೊಡಬ್ಯಾಡ್ರಿ” ಎಂದೆ. ಆ ಎಂಟು ದಿನಗಳಲ್ಲಿ ಹುಡುಗನನ್ನು ಎದುರಿಗೆ ಕೂರಿಸಿಕೊಂಡು, ತಿಳಿದವರನ್ನು ವಿಚಾರಿಸಿ, ಓದಿ ಅರಿತುಕೊಂಡದ್ದನ್ನು ಇಲ್ಲಿ ನಿವೇದಿಸುತ್ತೇನೆ. ನಮ್ಮ ಜಿಲ್ಲೆಯ ಹಲವು ಮನೆಗಳಲ್ಲಿ ಇಂದು ಇದೇ ಪ್ರಶ್ನೆ ಎದ್ದಿರಬಹುದು.

ಮೊದಲು ಆ ಪರವಾನಗಿಯೆಂದರೆ ಏನೆಂಬುದನ್ನು ನೋಡೋಣ. ನಮ್ಮ ದೇಶದಲ್ಲಿ ಸಂಬಳಕ್ಕಾಗಿ ವಿಮಾನ ನಡೆಸಬೇಕಾದರೆ ಕನಿಷ್ಠ ೨೦೦ ಗಂಟೆಗಳ ಹಾರಾಟ ಬೇಕು. ಅದರಲ್ಲಿ ೧೦೦ ಗಂಟೆ ತಾನೇ ಹೊಣೆಗಾರನಾಗಿ ನಡೆಸಿರಬೇಕು. ೩೦೦ ನಾಟಿಕಲ್ ಮೈಲಿಗಳ ಒಂದು ದೂರಯಾನ ಮಾಡಿರಬೇಕು. ಉಪಕರಣಗಳನ್ನು ಮಾತ್ರ ನಂಬಿ ಹಾರುವುದನ್ನೂ ರಾತ್ರಿಯ ಹಾರಾಟವನ್ನೂ ಅಭ್ಯಾಸ ಮಾಡಿರಬೇಕು. ಇದರ ಜೊತೆಗೆ ಪಥದರ್ಶನ, ಹವಾಮಾನ, ನಿಯಮಗಳು ಮುಂತಾದ ವಿಷಯಗಳಲ್ಲಿ ಪರೀಕ್ಷೆಗಳು, ಕಟ್ಟುನಿಟ್ಟಾದ ದೇಹಪರೀಕ್ಷೆ. ಇಷ್ಟಾದಮೇಲೆ ಕೈಗೆ ಬರುವ ಆ ಪತ್ರ ಕಷ್ಟದಿಂದ ಗಳಿಸಿದ್ದೆಂಬುದರಲ್ಲಿ ಸಂದೇಹವಿಲ್ಲ. ಆದರೆ ಇನ್ನೂರು ಗಂಟೆಯೆಂದರೆ, ದಿನಕ್ಕೆ ಎಂಟು ಗಂಟೆಯಂತೆ ಲೆಕ್ಕ ಹಾಕಿದರೆ, ಇಪ್ಪತ್ತೈದು ದಿನ! ಇಪ್ಪತ್ತೈದು ದಿನ ಗಾಡಿ ಹೊಡೆದವನಿಗೆ ನಮ್ಮ ರೈತರು ಬಂಡಿಯ ತುಂಬ ಹತ್ತಿ ಹೇರಿ ಕಳುಹಿಸುವರೇ? ದೊಡ್ಡ ವಿಮಾನವೊಂದರ ಮುಖ್ಯ ಚಾಲಕನಾಗಲು ಬೇಕಾದ ಮೇಲಿನ ಪರವಾನಗಿಗೆ ೧,೫೦೦ ಗಂಟೆಗಳ ಅನುಭವ ಬೇಕು. ಇನ್ನೂರಕ್ಕೂ ಸಾವಿರದ ಐನೂರಕ್ಕೂ ನಡುವಿನ ಆ ಹೊಳೆಯನ್ನು ದಾಟುವುದು ಹೇಗೆಂಬುದೇ ಪ್ರಶ್ನೆ.

ಅನುಭವವಿಲ್ಲದವನಿಗೆ ಕೆಲಸವಿಲ್ಲ, ಕೆಲಸವಿಲ್ಲದವನಿಗೆ ಅನುಭವವಿಲ್ಲ. ವಿಮೆಯ ಕಂಪನಿಗಳೂ ಚಾಲಕನ ಗಂಟೆಗಳನ್ನು ಎಣಿಸಿಯೇ ವಿಮಾನಕ್ಕೆ ವಿಮೆ ಕೊಡುವುವು. ಹುಚ್ಚು ಬಿಡುವವರೆಗೆ ಮದುವೆಯಾಗದು, ಮದುವೆಯಾಗುವವರೆಗೆ ಹುಚ್ಚು ಬಿಡದು ಎಂಬ ನಮ್ಮ ಗಾದೆಯನ್ನು ಕಟ್ಟಿದವರು ವೈಮಾನಿಕರನ್ನು ಕಂಡಿರಲಿಲ್ಲ. ಆದರೂ ಅದು ಇವರಿಗೆ ಎಷ್ಟು ಚೆನ್ನಾಗಿ ಒಪ್ಪುತ್ತದೆ!

ಈ ಗಂಟನ್ನು ಬಿಡಿಸುವ ಊರುಗಳು ಪ್ರಪಂಚದಲ್ಲಿ ಕೆಲವು ಉಂಟು. ಅವುಗಳಲ್ಲಿ ಬಹು ಪ್ರಸಿದ್ಧವಾದದ್ದು ಆಫ್ರಿಕದ ಬೋಟ್ಸ್ವಾನಾ ದೇಶದ ಮೌನ್ ಎಂಬ ಪಟ್ಟಣ. ಹೆಸರು ಮೌನವಾದರೂ ಅಲ್ಲಿಯ ವಿಮಾನ ನಿಲ್ದಾಣ ಮೌನವಾಗಿರುವುದು ಅಪರೂಪ. ಅದರ ಮಗ್ಗುಲಿಗೆ ಒಕವಾಂಗೋ ಎಂಬ ನದಿ, ಕಡಲನ್ನು ಸೇರದೆ, ಮರಳುನಾಡಿನಲ್ಲಿಯೇ ಹರಡಿ ಇಂಗಿಹೋಗುತ್ತದೆ. ಅಂಗೋಲಾದ ಎತ್ತರದ ಸೀಮೆಯಲ್ಲಿ ಬಿದ್ದ ಮಳೆ ತಿಂಗಳುಗಟ್ಟಲೆ ಹರಿದು, ಇಲ್ಲಿ ಮಳೆಯಿಲ್ಲದ ಕಾಲಕ್ಕೆ ಸರಿಯಾಗಿ ಪ್ರವಾಹವಾಗಿ ಬರುವುದು ಸೃಷ್ಟಿಯ ಚಮತ್ಕಾರವೇ ಸರಿ. ೨೦೧೪ರಲ್ಲಿ ಯುನೆಸ್ಕೊ ಸಂಸ್ಥೆ ತನ್ನ ವಿಶ್ವಪರಂಪರೆಯ ಪಟ್ಟಿಗೆ ಇದನ್ನು ಸಾವಿರದನೆಯ ತಾಣವಾಗಿ ಸೇರಿಸಿಕೊಂಡಿತು. ಆನೆ, ಸಿಂಹಗಳನ್ನು ನೋಡಬಂದ ಪ್ರವಾಸಿಗಳು ಆ ಜೌಗಿನ ನಡುಗಡ್ಡೆಗಳ ಬಿಡಾರಗಳಿಗೆ ಹೋಗಬೇಕಾದರೆ ರಸ್ತೆಯಿಲ್ಲ, ಅಥವಾ ಇದ್ದರೂ ಇಲ್ಲದಂತೆ. ಆರು ಆಸನದ ‘ಸೆಸ್ನಾ ೨೦೬’, ಎಂಟು ಆಸನದ ‘ಏರ್‌ವ್ಯಾನ್’ ಮುಂತಾದ ಒಂದೇ ಎಂಜಿನ್ನಿನ ಪುಟ್ಟ ವಿಮಾನಗಳೇ ಅಲ್ಲಿಯ ಜಟಕಾಗಳು. ಇವುಗಳ ಸಾರಥ್ಯಕ್ಕೆ ಕಡಮೆ ಗಂಟೆಗಳ ತರುಣರನ್ನು ತೆಗೆದುಕೊಳ್ಳುವ ವಾಡಿಕೆ ಬಹುಕಾಲದಿಂದ ನಡೆದುಬಂದಿದೆ.

ಅಲ್ಲಿಯ ಕೆಲಸ ಕೇಳಲು ರಮ್ಯ, ಮಾಡಲು ಕಠಿನ. ಒಂದು ದಿನಕ್ಕೆ ಎಷ್ಟೋ ಬಾರಿ ಏರಿ ಇಳಿಯಬೇಕು. ಹಲವು ಹಾರಾಟಗಳು ಹತ್ತಿಪ್ಪತ್ತು ನಿಮಿಷದವು. ಇಳಿಯುವ ನೆಲ ಮಣ್ಣಿನದು, ಉಸುಕಿನದು. ಆನೆಯೋ ಜೀಬ್ರಾ ಹಿಂಡೋ ಪಟ್ಟಿಯ ಮೇಲೆ ನಿಂತಿದ್ದರೆ ಒಮ್ಮೆ ತಗ್ಗಿನಲ್ಲಿ ಹಾರಿ ಅವುಗಳನ್ನು ಚದರಿಸಿ, ಸುತ್ತು ಹಾಕಿ ಬಂದು ಇಳಿಯಬೇಕು. ಮೌನ್ ಸಮುದ್ರಮಟ್ಟದಿಂದ ಮೂರು ಸಾವಿರ ಅಡಿ ಎತ್ತರದಲ್ಲಿದೆ. ಬಿಸಿಲು ನಮ್ಮ ಬಳ್ಳಾರಿಯನ್ನು ನಾಚಿಸುವಂಥದು. ಬಿಸಿಯಾದ ಗಾಳಿ ತೆಳುವಾಗುತ್ತದೆ. ತೆಳುವಾದ ಗಾಳಿ ರೆಕ್ಕೆಗೆ ಸಾಕಷ್ಟು ಆಧಾರ ಕೊಡದು, ಎಂಜಿನ್ನಿಗೆ ಸಾಕಷ್ಟು ಉಸಿರೂ ಕೊಡದು. ಬೆಳಿಗ್ಗೆ ಸುಲಭವಾಗಿ ಏರಿದ ಅದೇ ಭಾರ ಮಧ್ಯಾಹ್ನ ಪಟ್ಟಿಯ ಕೊನೆಯ ಮರಗಳನ್ನು ದಾಟದೆ ಹೋಗಬಹುದು. ಅದಕ್ಕೇ ಅಲ್ಲಿಗೆ ಹೋಗುವ ಪ್ರವಾಸಿಗೆ ಇಪ್ಪತ್ತು ಕಿಲೊ ಮೀರದ ಮೆತ್ತನೆಯ ಚೀಲವೊಂದೇ ಎಂಬ ಕಟ್ಟಳೆ. ಸಾವಿರಾರು ಡಾಲರು ತೆತ್ತು ಬಂದ ಶ್ರೀಮಂತನಿಗೆ, “ಅಯ್ಯಾ, ಈ ಪೆಟ್ಟಿಗೆ ಇಲ್ಲಿಯೇ ಉಳಿಯಬೇಕು” ಎಂದು ವಿನಯದಿಂದಲೂ ದೃಢವಾಗಿಯೂ ಹೇಳಬೇಕಾದವನು ಇಪ್ಪತ್ತೆರಡು ವರ್ಷದ ಹುಡುಗ. ವಿಮಾನ ನಡೆಸುವುದಕ್ಕಿಂತ ಈ ಮಾತನ್ನು ಆಡುವುದೇ ಕಷ್ಟವೆಂದು ನನಗೆ ತೋರುತ್ತದೆ.

ಎರಡನೆಯ ಸೀಮೆ ನ್ಯೂಗಿನಿ ದ್ವೀಪ. ಇಲ್ಲಿ ರಸ್ತೆಗಿಂತ ಮೊದಲು ವಿಮಾನ ಬಂದಿತು. ೧೯೨೦ರ ದಶಕದ ಕೊನೆಯಲ್ಲಿ ಬುಲೊಲೊ ಕಣಿವೆಯ ಚಿನ್ನಕ್ಕಾಗಿ ಲೇ ಎಂಬ ಕಡಲತೀರದ ಊರಿನಿಂದ ಬೆಟ್ಟಗಳ ಮೇಲೆ ಹಾರಾಟ ಆರಂಭವಾಯಿತು. ಮುಂದಿನ ದಶಕದಲ್ಲಿ ಚಿನ್ನ ತೋಡುವ ದೈತ್ಯ ಯಂತ್ರಗಳನ್ನೇ ಬಿಡಿಬಿಡಿ ಭಾಗಗಳಾಗಿ ವಿಮಾನದಲ್ಲಿ ಸಾಗಿಸಿ ಕಣಿವೆಯಲ್ಲಿ ಜೋಡಿಸಿದರು. ಇಂದಿಗೂ ಅಲ್ಲಿಯ ಎಷ್ಟೋ ಹಳ್ಳಿಗಳಿಗೆ ಅಕ್ಕಿ, ಉಪ್ಪು, ಔಷಧಿ ಎಲ್ಲವೂ ಆಕಾಶಮಾರ್ಗವಾಗಿಯೇ ಬರಬೇಕು. ಬೆಟ್ಟದ ಇಳಿಜಾರಿನಲ್ಲಿಯೇ ಪಟ್ಟಿ ಮಾಡಿರುವ ಕಡೆ ಏರುಮುಖವಾಗಿ ಇಳಿದು, ಇಳಿಮುಖವಾಗಿ ಏರಬೇಕು. ಒಮ್ಮೆ ಇಳಿಯಲು ಮನಸ್ಸು ಮಾಡಿದಮೇಲೆ ಮತ್ತೆ ಮೇಲೇಳಲು ಎಡೆಯಿರದ ಪಟ್ಟಿಗಳೂ ಉಂಟು. ಮಧ್ಯಾಹ್ನದ ಹೊತ್ತಿಗೆ ಮೋಡ ಕಣಿವೆಯ ಬಾಗಿಲನ್ನು ಮುಚ್ಚಿಬಿಡುತ್ತದೆ. ದ್ವೀಪದ ಪಶ್ಚಿಮಾರ್ಧ ಇಂಡೊನೇಶಿಯಕ್ಕೆ ಸೇರಿದ್ದು. ಅಲ್ಲಿ ಹಾರುವ ಸುಸಿ ಏರ್ ಎಂಬ ಸಂಸ್ಥೆಯನ್ನು ಕಟ್ಟಿದವರು ಸುಸಿ ಪುಜಿಯಾಸ್ತುತಿ ಎಂಬ ಮೀನುವ್ಯಾಪಾರದ ಮಹಿಳೆ. ಸಿಗಡಿ, ಮೀನುಗಳನ್ನು ಬೇಗ ಪೇಟೆಗೆ ಮುಟ್ಟಿಸಲೆಂದು ಕೊಂಡ ವಿಮಾನ ೨೦೦೪ರ ಸುನಾಮಿಯಲ್ಲಿ ಅನ್ನ ಔಷಧಿಗಳನ್ನು ಹೊತ್ತಿತು. ಅಲ್ಲಿಂದ ಸಂಸ್ಥೆ ಬೆಳೆಯಿತು. ಪರದೇಶದ ತರುಣ ಚಾಲಕರು ಅನೇಕರು ಇಲ್ಲಿ ಗಂಟೆಗಳನ್ನು ಗಳಿಸಿದ್ದಾರೆ. ಆದರೆ ಇದೇ ಸೀಮೆಯಲ್ಲಿ ೨೦೨೩ರ ಫೆಬ್ರವರಿಯಲ್ಲಿ ಆ ಸಂಸ್ಥೆಯ ನ್ಯೂಜಿಲೆಂಡಿನ ಚಾಲಕರೊಬ್ಬರನ್ನು ಬಂಡುಕೋರರು ಸೆರೆಹಿಡಿದು, ವಿಮಾನವನ್ನು ಸುಟ್ಟರು. ಅವರಿಗೆ ಬಿಡುಗಡೆಯಾದದ್ದು ೨೦೨೪ರ ಸೆಪ್ಟೆಂಬರಿನಲ್ಲಿ. ಸಾಹಸವೆಂಬ ಮಾತನ್ನು ಹಗುರವಾಗಿ ಆಡುವವರು ಆ ಹತ್ತೊಂಬತ್ತು ತಿಂಗಳುಗಳನ್ನು ನೆನೆಯಬೇಕು.

ನಮಗೆ ಹತ್ತಿರದ ಮಾಲ್ದೀವಿನಲ್ಲಿ ನೀರಿನ ಮೇಲೆ ಇಳಿಯುವ ‘ಟ್ವಿನ್ ಆಟರ್’ ವಿಮಾನಗಳು ದ್ವೀಪದಿಂದ ದ್ವೀಪಕ್ಕೆ ಹಾರುತ್ತವೆ. ಅವುಗಳ ಚಾಲಕರು ಬರಿಗಾಲಿನಲ್ಲಿ ಕೆಲಸ ಮಾಡುವುದು ಪ್ರವಾಸಿಗಳಿಗೆ ಒಂದು ವಿನೋದ. ಆಸ್ಟ್ರೇಲಿಯದ ಉತ್ತರ ಭಾಗದಲ್ಲಿಯೂ ಬ್ರೂಮ್, ಕುನನುರಾ, ಡಾರ್ವಿನ್ ಊರುಗಳು ಎಳೆಯ ವೈಮಾನಿಕರ ಸಾಧನಶಾಲೆಗಳಾಗಿವೆ.

ಇಷ್ಟು ಕೇಳಿದ ಹುಡುಗನ ಕಣ್ಣು ಮಿನುಗಿದ್ದು ಸಹಜವೇ. ಆದರೆ ಅವನ ತಂದೆಗೆ ನಾನು ಹೇಳಬೇಕಾಗಿದ್ದುದು ಬೇರೆಯೇ. ೧೯೪೪ರ ಷಿಕಾಗೊ ಒಪ್ಪಂದದ ಫಲವಾಗಿ ಪರವಾನಗಿಗಳ ಮಟ್ಟ ಎಲ್ಲ ದೇಶಗಳಲ್ಲಿ ಬಹುಮಟ್ಟಿಗೆ ಒಂದೇ. ಆದರೂ ಒಂದು ದೇಶದ ಪತ್ರ ಇನ್ನೊಂದು ದೇಶದಲ್ಲಿ ತಾನಾಗಿ ನಡೆಯದು. ಅಲ್ಲಿಯ ಅಧಿಕಾರಿಗಳು ಅದನ್ನು ಪರಿಶೀಲಿಸಿ, ಬೇಕಾದ ಪರೀಕ್ಷೆಗಳನ್ನು ಮಾಡಿ ಒಪ್ಪಬೇಕು. ಅದಾದಮೇಲೆ ಕೆಲಸದ ಅನುಮತಿ. ಬೋಟ್ಸ್ವಾನಾದವರಾಗಲಿ ಮಾಲ್ದೀವಿನವರಾಗಲಿ ತಮ್ಮ ಮಕ್ಕಳಿಗೆ ಮೊದಲ ಆದ್ಯತೆ ಕೊಡುವುದು ನ್ಯಾಯವೇ ಆಗಿದೆ. ನಾವಾದರೂ ಅದನ್ನೇ ಮಾಡುತ್ತೇವೆ. ಆದುದರಿಂದ ಸಂಸ್ಥೆಯ ಹೆಸರನ್ನೇ ಹೇಳದೆ ‘ಕೆಲಸ ನಿಶ್ಚಯ’ ಎನ್ನುವವನು ತನ್ನದಲ್ಲದ ಸರಕನ್ನು ಮಾರುತ್ತಿದ್ದಾನೆಂದೇ ತಿಳಿಯಬೇಕು. ಇನ್ನು ಕೆಲವರು, ಹಣ ಕೊಟ್ಟರೆ ವಿಮಾನದಲ್ಲಿ ಕೂರಿಸಿ ಗಂಟೆ ತುಂಬಿಸುತ್ತೇವೆ ಎನ್ನುವವರು. ದುಡಿಯುವವನೇ ಕೂಲಿ ತೆರುವ ಈ ಪದ್ಧತಿಯನ್ನು ಯಾವ ಹೊಲದಲ್ಲಿಯೂ ನಮ್ಮವರು ಕಂಡಿಲ್ಲ.

ಹಾಗಾದರೆ ಮಾಡಬೇಕಾದದ್ದೇನು? ಅಂತಹ ಊರುಗಳಲ್ಲಿ ಕೆಲಸ ಕೊಡುವವರು ಬರಿಯ ಅರ್ಜಿಗಿಂತ ಎದುರಿಗೆ ಬಂದು ನಿಂತವನನ್ನು ಹೆಚ್ಚು ನಂಬುತ್ತಾರೆ. ಕಾರಣ ಸ್ಪಷ್ಟ. ಹೊಸಬನಿಗೆ ತರಬೇತಿ ಕೊಡಲು ಅವರಿಗೆ ಹಣ ಖರ್ಚಾಗುತ್ತದೆ. ಐನೂರು ಗಂಟೆ ತುಂಬಿದೊಡನೆ ಓಡಿಹೋಗುವವನು ಅವರಿಗೆ ಬೇಡ. ಸೆಕೆ, ಧೂಳು, ಒಂಟಿತನಗಳನ್ನು ಕಂಡಮೇಲೂ ಇಲ್ಲಿಯೇ ಇರುವೆನೆನ್ನುವವನು ಬೇಕು.

ಫ್ರಾನ್ಸಿನ ಲೇಖಕ ಸೇಂತ್-ಎಕ್ಸುಪೆರಿಯ ಉದಾಹರಣೆ ಇಲ್ಲಿ ನೆನಪಾಗುತ್ತದೆ. ಸಾಹಿತ್ಯಪ್ರಿಯರಿಗೆ ಆತ ‘ಪುಟ್ಟ ರಾಜಕುಮಾರ’ನ ಕರ್ತೃ. ಸೈನ್ಯದಲ್ಲಿ ಹಾರಾಟ ಕಲಿತು ಹೊರಬಂದಮೇಲೆ ಆತ ಕೆಲಕಾಲ ಲಾರಿಗಳನ್ನು ಮಾರುವ ನೌಕರಿ ಮಾಡಿದ. ೧೯೨೬ರಲ್ಲಿ ತುಲೂಸಿನ ಲಾತೆಕೋಯೆರ್ ಅಂಚೆ ವಿಮಾನ ಸಂಸ್ಥೆಯಲ್ಲಿ ಸೇರಿದಾಗ, ಮೇಲಧಿಕಾರಿ ದಿದಿಯೆ ದೋರಾ ಅವನಿಗೆ ಕೂಡಲೇ ವಿಮಾನ ಕೊಡಲಿಲ್ಲ. ಎಲ್ಲ ಹೊಸಬರಂತೆ ಅವನೂ ಕಾರ್ಖಾನೆಯ ಅಂಗಿ ತೊಟ್ಟು ಎಂಜಿನ್ನುಗಳ ಎಣ್ಣೆ ಕೊಳೆಯನ್ನು ತೊಳೆಯಬೇಕಾಯಿತು. ಸ್ಪೇನಿನ ಬೆಟ್ಟಗಳ ಮೇಲೆ, ಆಮೇಲೆ ಸಹಾರಾ ಮರುಭೂಮಿಯ ಅಂಚಿನಲ್ಲಿ ಅಂಚೆ ಒಯ್ಯುವ ಭಾಗ್ಯ ಅನಂತರದ್ದು. ಎಂಜಿನ್ನನ್ನು ಕೈಯಿಂದ ಮುಟ್ಟಿ ಅರಿಯದವನು ಮರುಭೂಮಿಯಲ್ಲಿ ಅದರ ದನಿ ಬದಲಾದಾಗ ಏನು ತಿಳಿದಾನು?

ನಮ್ಮ ಸಂಗನಕಲ್ಲಿನ ಬೆಟ್ಟಗಳೂ ಇದೇ ಪಾಠವನ್ನು ಹೇಳುತ್ತಿವೆ. ಹತ್ತೊಂಬತ್ತನೆಯ ಶತಮಾನದಲ್ಲಿ ರಾಬರ್ಟ್ ಬ್ರೂಸ್ ಫೂಟ್ ಗುರುತಿಸಿದ, ೧೯೪೦ರ ದಶಕದಲ್ಲಿ ಬಿ. ಸುಬ್ಬರಾವ್ ಅಗೆದು ಶೋಧಿಸಿದ ಈ ನೆಲದಲ್ಲಿ ನವಶಿಲಾಯುಗದ ಜನ ಕಲ್ಲಿನ ಕೊಡಲಿಗಳನ್ನು ಮಾಡುತ್ತಿದ್ದರು. ಹಿರೇಗುಡ್ಡದ ಕಪ್ಪು ಕಲ್ಲಿನಿಂದ ಒಡೆದ ಚಕ್ಕೆಗಳು ಇಂದಿಗೂ ರಾಶಿರಾಶಿಯಾಗಿ ಬಿದ್ದಿವೆ. ಕೊಡಲಿಗಳನ್ನು ಉಜ್ಜಿ ಉಜ್ಜಿ ಬಂಡೆಯಲ್ಲಿ ಬಿದ್ದ ತೋಡುಗಳಲ್ಲಿ ಬೆರಳಾಡಿಸಿದರೆ ನಯವಾಗಿ ಜಾರುತ್ತದೆ. ಒಂದು ಒಳ್ಳೆಯ ಕೊಡಲಿಯ ಹಿಂದೆ ಎಷ್ಟು ಚಕ್ಕೆ, ಎಷ್ಟು ಮುರಿದ ಕೊಡಲಿ! ವೈಮಾನಿಕನ ಗಂಟೆಗಳೂ ಹೀಗೆಯೇ. ಪುಸ್ತಕದಲ್ಲಿ ಬರೆದ ಅಂಕೆ ಚಕ್ಕೆಯ ರಾಶಿ. ಅದರಿಂದ ಕೈಗೆ ಬಂದ ವಿವೇಕವೇ ಕೊಡಲಿ. ಮೋಡವನ್ನು ಕಂಡು ಹಿಂದಿರುಗುವುದು, ಭಾರ ಹೆಚ್ಚಾಯಿತೆಂದು ಹೇಳುವುದು, ಎಣ್ಣೆ ಇದೆಯೆಂಬ ಮಾತನ್ನು ನಂಬದೆ ತಾನೇ ಕಡ್ಡಿ ಇಳಿಸಿ ನೋಡುವುದು, ಇವನ್ನು ಕಲಿಸುವುದಕ್ಕೆ ಮೊದಲ ನೌಕರಿ. ಸಾವಿರ ಗಂಟೆ ಹಾರಿಯೂ ಹಿಂದಿರುಗಲು ಕಲಿಯದವನಿಗಿಂತ ಇನ್ನೂರು ಗಂಟೆಯಲ್ಲಿಯೇ ಅದನ್ನು ಕಲಿತವನು ಮೇಲು.

ಇನ್ನೊಂದು ಗುಣವೂ ಬೇಕು. ೧೯೩೦ರಲ್ಲಿ ಇಂಗ್ಲೆಂಡಿಗೂ ಭಾರತಕ್ಕೂ ನಡುವೆ ಒಂಟಿಯಾಗಿ ಹಾರಿದ ಮೊದಲ ಭಾರತೀಯನಿಗೆ ಆಗಾಖಾನರು ಬಹುಮಾನವನ್ನು ಸಾರಿದ್ದರು. ಜೆ. ಆರ್. ಡಿ. ಟಾಟಾ ಕರಾಚಿಯಿಂದ ಪಶ್ಚಿಮಕ್ಕೆ ಹೊರಟಿದ್ದರು. ಹದಿನೇಳು ವರ್ಷದ ಆಸ್ಪಿ ಎಂಜಿನಿಯರ್ ಇಂಗ್ಲೆಂಡಿನಿಂದ ಪೂರ್ವಕ್ಕೆ ಬರುತ್ತಿದ್ದರು. ಈಜಿಪ್ಟಿನ ಅಬೂಕಿರ್ ಎಂಬಲ್ಲಿ ಇಬ್ಬರೂ ಎದುರಾದರು. ಆ ಹುಡುಗನ ವಿಮಾನ ಸ್ಪಾರ್ಕ್ ಪ್ಲಗ್ಗುಗಳಿಲ್ಲದೆ ನಿಂತಿತ್ತು. ಟಾಟಾ ಅವರು ತಮ್ಮಲ್ಲಿದ್ದುದನ್ನು ತೆಗೆದುಕೊಟ್ಟರು. ಬಹುಮಾನ ಆಸ್ಪಿಯವರಿಗೆ ಸಂದಿತು. ಮುಂದೆ ಅವರು ಭಾರತೀಯ ವಾಯುಸೇನೆಯ ಮುಖ್ಯಸ್ಥರಾದರು. ಸೋತ ಟಾಟಾ ಅವರ ಕೀರ್ತಿಗೂ ಕುಂದು ಬರಲಿಲ್ಲ. ಕೆಲಸಗಳು ಕಡಮೆ, ಬಯಸುವವರು ಹೆಚ್ಚು ಎಂಬಲ್ಲಿ ಎಳೆಯರು ಒಬ್ಬರನ್ನೊಬ್ಬರು ಶತ್ರುಗಳಂತೆ ಕಾಣುವುದುಂಟು. ದೂರದ ಊರಿನಲ್ಲಿ ಒಂದೇ ಕೋಣೆಯಲ್ಲಿ ಉಳಿದು ಒಂದೇ ಬಾಗಿಲನ್ನು ತಟ್ಟುವ ಗೆಳೆಯರು ಈ ಕಥೆಯನ್ನು ನೆನೆಯಲಿ.

ಎಂಟನೆಯ ದಿನ ಆ ಹಿರಿಯರು ಬಂದಾಗ ನಾನು ಮೂರೇ ಮಾತು ಹೇಳಿದೆ. ನಾಲ್ಕೆಕರೆ ಮಾರಬಾರದು. ಹುಡುಗ ಮೊದಲು ಇಲ್ಲಿಯೇ ಬೋಧಕನ ಅರ್ಹತೆಯನ್ನು ಪಡೆದು, ಕಲಿಸುತ್ತಲೇ ಗಂಟೆಗಳನ್ನು ಕೂಡಿಸಬೇಕು. ಆಮೇಲೆ, ತಾನು ದುಡಿದ ಹಣದಲ್ಲಿ, ಹಿಂದಿರುಗುವ ಟಿಕೆಟ್ಟನ್ನೂ ಕೊಂಡುಕೊಂಡು, ಮೌನ್ ಊರಿಗೆ ಹೋಗಿ ಕಣ್ಣಾರೆ ನೋಡಿ ಬರಬೇಕು. ಹಾಗೆಯೇ ನಡೆಯಿತು. ಎರಡು ವರ್ಷದ ಮೇಲೆ ಅವನು ಹೋಗಿ ಆರು ವಾರ ಇದ್ದು ಬಂದ. ಕೆಲಸ ಸಿಗಲಿಲ್ಲ. ಆದರೆ ಒಬ್ಬ ಮುಖ್ಯ ಚಾಲಕರು ಅವನ ಗಂಟೆಗಳ ಪುಸ್ತಕವನ್ನು ತಿರುವಿಹಾಕಿ ಎರಡು ಪ್ರಶ್ನೆ ಕೇಳಿದರಂತೆ: ಎಷ್ಟು ವರ್ಷ ಇಲ್ಲಿ ಇರುವೆ? ಕಲಿಸುವಾಗ ಎಷ್ಟು ಬಾರಿ ಹವೆ ಸರಿಯಿಲ್ಲವೆಂದು ಹಾರಾಟವನ್ನು ನಿಲ್ಲಿಸಿದ್ದೀಯೆ? ಎರಡನೆಯ ಪ್ರಶ್ನೆಗೆ ಇವನು ದಿನಾಂಕಗಳ ಸಹಿತ ಉತ್ತರ ಕೊಟ್ಟ. ಮುಂದಿನ ಹಂಗಾಮಿಗೆ ಮತ್ತೆ ಬಂದು ಕಾಣಬೇಕೆಂದು ಅವರು ಹೇಳಿ ಕಳುಹಿಸಿದ್ದಾರೆ. ಅದು ನೌಕರಿಯಲ್ಲ, ಆದರೆ ಮಧ್ಯವರ್ತಿಯ ನಿಶ್ಚಯಕ್ಕಿಂತ ಅದಕ್ಕೆ ಬೆಲೆ ಹೆಚ್ಚು.

ಆಫ್ರಿಕ ನಮಗೆ ತೀರ ಹೊರಗಿನದೇನೂ ಅಲ್ಲ. ೧೯೫೯ರಲ್ಲಿ ಘಾನಾ ದೇಶ ತನ್ನ ವಾಯುಪಡೆಯನ್ನು ಕಟ್ಟಿಕೊಂಡಾಗ ಅದಕ್ಕೆ ನೆರವಾದವರಲ್ಲಿ ಭಾರತೀಯ ಅಧಿಕಾರಿಗಳಿದ್ದರು. ಬೆಂಗಳೂರಿನಲ್ಲಿ ತಯಾರಾದ ‘ಎಚ್.ಟಿ.-೨’ ವಿಮಾನಗಳೂ ಅಲ್ಲಿಗೆ ಹೋದುವು. ಅಂದು ಕಲಿಸಲು ಹೋದ ದೇಶದವರು ಇಂದು ಕಲಿಯಲು ಹೋಗುವುದರಲ್ಲಿ ಅವಮಾನವಿಲ್ಲ. ನೆವಿಲ್ ವಿನ್ಸೆಂಟನೂ ಒಂದು ಕಾಲಕ್ಕೆ ಹೀಗೆಯೇ ನಮ್ಮಲ್ಲಿಗೆ ಬಂದವನು. ೧೯೪೨ರಲ್ಲಿ, ಯುದ್ಧದ ನಡುವೆ, ಅವನು ಪ್ರಯಾಣಿಸುತ್ತಿದ್ದ ವಿಮಾನ ಹಿಂದಿರುಗಲಿಲ್ಲ. ಅವನು ಅಂಚೆ ಹೊತ್ತ ಹಾದಿ ಮಾತ್ರ ಉಳಿಯಿತು, ಬೆಳೆದು ಹೆದ್ದಾರಿಯಾಯಿತು. ಹೊಸ ಹಾದಿಗಳನ್ನು ತುಳಿಯುವ ಎಳೆಯರಿಗೆ ಹಿರಿಯರಾದ ನಾವು ಕೊಡಬಹುದಾದದ್ದು ಮಾರಿದ ಹೊಲದ ಹಣವನ್ನಲ್ಲ. ತಡೆದು ನಿಲ್ಲುವ ಬುದ್ಧಿಯನ್ನೂ, ಸೋತು ಬಂದರೆ ಕಾಲೂರಲು ಒಂದು ನೆಲವನ್ನೂ ಅವರಿಗೆ ಉಳಿಸಿಕೊಟ್ಟರೆ ಸಾಕು.